ಸಣ್ಣ ಪ್ರವಾಸಿ ದೋಣಿಗೆ ಮೊದಲು ಆಟೋಪೈಲಟ್ ಬೇಕೋ, ರೇಡಾರ್ ಬೇಕೋ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟರಿಂದ ಹನ್ನೆರಡು ಮೀಟರ್ ಉದ್ದದ ಹಾಯಿದೋಣಿಯಲ್ಲಿ ಒಬ್ಬರೋ ಇಬ್ಬರೋ ದೂರದ ಪ್ರಯಾಣಕ್ಕೆ ಅಣಿಯಾಗುವಾಗ, ಚುಕ್ಕಾಣಿಯನ್ನು ತಾನಾಗಿ ನಡೆಸುವ ಆಟೋಪೈಲಟ್ ಮೊದಲೋ, ಕತ್ತಲೆಯಲ್ಲೂ ಮಂಜಿನಲ್ಲೂ ಸುತ್ತಲಿನ ಹಡಗು ಮತ್ತು ದಡಗಳನ್ನು ತೋರಿಸುವ ರೇಡಾರ್ ಮೊದಲೋ ಎಂಬ ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೈಯಲ್ಲಿರುವ ಹಣ, ಬ್ಯಾಟರಿಯ ಸಾಮರ್ಥ್ಯ ಮತ್ತು ದೋಣಿಯಲ್ಲಿರುವ ಜಾಗ ಮೂರಕ್ಕೂ ಮಿತಿ ಇರುವುದರಿಂದ ಎರಡನ್ನೂ ಒಟ್ಟಿಗೆ ಅಳವಡಿಸುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಕೆಳಗಿನ ಉತ್ತರಗಳು ಮುಖ್ಯವಾಗಿ ಹಾಯಿದೋಣಿಗಳನ್ನು ಉದ್ದೇಶಿಸಿದವು. ಎಂಜಿನ್ನಿನಿಂದಲೇ ಸಾಗುವ ಸಣ್ಣ ದೋಣಿಗಳಿಗೂ ಇವುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ.

ಎರಡರಲ್ಲಿ ಒಂದನ್ನು ಮಾತ್ರ ಕೊಳ್ಳಲು ಸಾಧ್ಯವಿದ್ದರೆ ಯಾವುದನ್ನು ಕೊಳ್ಳಬೇಕು?

ದೋಣಿಯಲ್ಲಿರುವವರು ಇಬ್ಬರು ಅಥವಾ ಅದಕ್ಕಿಂತ ಕಡಿಮೆ ಇದ್ದು, ಒಂದು ಹಗಲಿಗಿಂತ ಹೆಚ್ಚು ಕಾಲದ ಪ್ರಯಾಣಗಳನ್ನು ಯೋಜಿಸಿದ್ದರೆ, ಮೊದಲು ಆಟೋಪೈಲಟ್ ಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಜು ಎಲ್ಲ ಪ್ರಯಾಣಗಳಲ್ಲಿಯೂ ಕವಿಯುವುದಿಲ್ಲ, ಆದರೆ ಆಯಾಸ ಪ್ರತಿಯೊಂದು ಪ್ರಯಾಣದಲ್ಲಿಯೂ ಬರುತ್ತದೆ. ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ಕುಳಿತವರ ಕಣ್ಣು ದಿಕ್ಸೂಚಿಯ ಮೇಲೆ ನೆಟ್ಟಿರುತ್ತದೆಯೇ ಹೊರತು ದಿಗಂತದ ಮೇಲಲ್ಲ. ಅವರು ನಕ್ಷೆ ನೋಡಲಾರರು, ಹಾಯಿಯನ್ನು ಸರಿಪಡಿಸಲಾರರು, ಬಿಸಿಯಾಗಿ ಏನನ್ನಾದರೂ ಕುಡಿಯಲೂ ಆರರು. ದಣಿದ ಮನಸ್ಸು ಬಂದರಿನ ದೀಪಗಳನ್ನು ತಪ್ಪಾಗಿ ಓದುತ್ತದೆ, ಹಾಯಿಯನ್ನು ಕುಗ್ಗಿಸಬೇಕಾದ ಹೊತ್ತನ್ನು ಮುಂದೂಡುತ್ತದೆ. ಚುಕ್ಕಾಣಿಯನ್ನು ಯಂತ್ರಕ್ಕೆ ಒಪ್ಪಿಸಿದಾಗ ದೋಣಿಗೆ ಒಬ್ಬ ಹೆಚ್ಚಿನ ನಾವಿಕ ಸಿಕ್ಕಂತಾಗುತ್ತದೆ, ಮನುಷ್ಯನ ಕಣ್ಣು ಮತ್ತು ಕಿವಿಗಳು ಅವುಗಳ ನಿಜವಾದ ಕೆಲಸಕ್ಕೆ ಮರಳುತ್ತವೆ.

ಹಾಗಾದರೆ ರೇಡಾರ್ ಮೊದಲು ಬೇಕಾಗುವ ಸಂದರ್ಭಗಳೇ ಇಲ್ಲವೇ?

ಖಂಡಿತವಾಗಿಯೂ ಇವೆ. ಋತುವಿಡೀ ಮಂಜು ಕವಿಯುವ, ತಣ್ಣನೆಯ ಪ್ರವಾಹಗಳಿರುವ ಕರಾವಳಿಯಲ್ಲಿ ನಿಮ್ಮ ದೋಣಿ ಇದ್ದು, ಹಡಗುಗಳ ದಟ್ಟ ಮಾರ್ಗವೊಂದನ್ನು ದಾಟದೆ ಎಲ್ಲಿಗೂ ಹೋಗಲಾಗದಿದ್ದರೆ ರೇಡಾರ್ ಮೊದಲ ಸ್ಥಾನಕ್ಕೆ ಬರುತ್ತದೆ. ಅದೇ ರೀತಿ ಮೂರು ಅಥವಾ ನಾಲ್ಕು ಮಂದಿ ಅನುಭವಿಗಳು ಸದಾ ಜೊತೆಗಿದ್ದು, ಚುಕ್ಕಾಣಿಯನ್ನು ಸಂತೋಷದಿಂದ ಹಂಚಿಕೊಳ್ಳುವವರಾಗಿದ್ದರೆ ಆಟೋಪೈಲಟ್ಟಿನ ತುರ್ತು ಕಡಿಮೆಯಾಗುತ್ತದೆ. ರಾತ್ರಿಯಲ್ಲಿ ಹಠಾತ್ತನೆ ಮಳೆಗಾಳಿ ಎರಗುವ ಉಷ್ಣವಲಯದ ಸಮುದ್ರಗಳಲ್ಲಿಯೂ ರೇಡಾರ್ ತನ್ನ ಬೆಲೆಯನ್ನು ತೋರಿಸಿಕೊಡುತ್ತದೆ. ಮೋಡದ ಸಾಲು ಎಷ್ಟು ದೂರದಲ್ಲಿದೆ, ಯಾವ ಕಡೆಗೆ ಸರಿಯುತ್ತಿದೆ ಎಂಬುದು ಪರದೆಯ ಮೇಲೆ ಮೊದಲೇ ಕಾಣುವುದರಿಂದ, ಗಾಳಿ ಬಡಿಯುವ ಮುನ್ನ ಹಾಯಿಯನ್ನು ಕುಗ್ಗಿಸಲು ಸಮಯ ಸಿಗುತ್ತದೆ.

ಕಳೆದ ಒಂದೆರಡು ಋತುಗಳ ಪ್ರಯಾಣದ ದಿನಚರಿಯನ್ನು ತೆರೆದು, ಯಾವುದರ ಕೊರತೆ ನಿಮ್ಮನ್ನು ಹೆಚ್ಚು ಸಲ ಕಾಡಿತು ಎಂದು ನೋಡಿಕೊಳ್ಳಿ. ಮಂಜಿನಿಂದಾಗಿ ಬಂದರಿನಲ್ಲೇ ಉಳಿದ ದಿನಗಳು ಹೆಚ್ಚೋ, ಬಳಲಿಕೆಯಿಂದ ಪ್ರಯಾಣವನ್ನು ಮೊಟಕುಗೊಳಿಸಿದ ದಿನಗಳು ಹೆಚ್ಚೋ ಎಂಬ ಲೆಕ್ಕ ಯಾವುದೇ ಮಾರಾಟಗಾರನ ಸಲಹೆಗಿಂತ ನಂಬಲರ್ಹವಾದುದು.

ಆಟೋಪೈಲಟ್ ನಿಜವಾಗಿ ಏನು ಮಾಡುತ್ತದೆ?

ಎಲೆಕ್ಟ್ರಾನಿಕ್ ದಿಕ್ಸೂಚಿಯೊಂದು ದೋಣಿಯ ಮುಖ ಯಾವ ಕಡೆಗಿದೆ ಎಂಬುದನ್ನು ಎಡೆಬಿಡದೆ ಅಳೆಯುತ್ತದೆ. ಒಂದು ಸಣ್ಣ ಕಂಪ್ಯೂಟರ್ ಅದನ್ನು ನೀವು ನಿಗದಿಪಡಿಸಿದ ದಿಕ್ಕಿನೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಸರಿದೂಗಿಸುವಷ್ಟು ಚುಕ್ಕಾಣಿಯನ್ನು ತಿರುಗಿಸುವಂತೆ ಮೋಟಾರಿಗೆ ಆಜ್ಞೆ ನೀಡುತ್ತದೆ. ದಿಕ್ಕು ಎಷ್ಟು ತಪ್ಪಿದೆ ಎಂಬುದರ ಜೊತೆಗೆ ಅದು ಎಷ್ಟು ವೇಗವಾಗಿ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆಗೆ ವಾಲಿಕೊಂಡಿದೆ ಎಂಬುದನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ. ಈ ಮೂರು ಅಂಶಗಳ ನಿಯಂತ್ರಣ ಸಿದ್ಧಾಂತವನ್ನು ನಿಕೊಲಾಸ್ ಮಿನೋರ್‌ಸ್ಕಿ 1922ರಲ್ಲಿ ಪ್ರಕಟಿಸಿದ್ದು ಹಡಗುಗಳ ಸ್ವಯಂಚಾಲಿತ ಚುಕ್ಕಾಣಿಯ ಸಂಬಂಧದಲ್ಲಿಯೇ. ಇಂದು ಕಾರ್ಖಾನೆಗಳಲ್ಲೆಲ್ಲ ಬಳಕೆಯಲ್ಲಿರುವ ಒಂದು ವಿಧಾನದ ಬೇರು ನಾವಿಕನ ಸಮಸ್ಯೆಯಲ್ಲಿದೆ ಎಂಬುದು ನೆನಪಿಡತಕ್ಕ ಸಂಗತಿ.

ಹಳೆಯ ಆಟೋಪೈಲಟ್‌ಗಳಲ್ಲಿ ಕಾಂತೀಯ ದಿಕ್ಸೂಚಿ ಮಾತ್ರ ಇರುತ್ತಿತ್ತು. ದೋಣಿ ಅಲೆಯ ಮೇಲೆ ಹೊರಳುವಾಗ ಅದರ ಓದಿಕೆ ತಡವಾಗಿ ಬರುತ್ತಿದ್ದುದರಿಂದ ಚುಕ್ಕಾಣಿಯೂ ತಡವಾಗಿ ತಿರುಗುತ್ತಿತ್ತು. ಈಗಿನವುಗಳಲ್ಲಿ ತಿರುಗುವಿಕೆ ಮತ್ತು ವಾಲುವಿಕೆಯ ವೇಗವನ್ನು ಅಳೆಯುವ ಸಂವೇದಕಗಳೂ ಸೇರಿರುವುದರಿಂದ, ಹಿಂದಿನಿಂದ ಅಲೆ ಎತ್ತಿದ ಕೂಡಲೇ ಚುಕ್ಕಾಣಿ ಪ್ರತಿಕ್ರಿಯಿಸುತ್ತದೆ. ಆದರೂ ಮನುಷ್ಯನು ಕತ್ತು ತಿರುಗಿಸಿ ಬರಲಿರುವ ಅಲೆಯನ್ನು ನೋಡಬಲ್ಲ, ಯಂತ್ರ ನೋಡಲಾರದು. ಭಾರಿ ಅಲೆಗಳು ಹಿಂದಿನಿಂದ ನೂಕುತ್ತಿರುವಾಗ ಚುಕ್ಕಾಣಿಯನ್ನು ಕೈಗೆ ತೆಗೆದುಕೊಳ್ಳಬೇಕಾಗುವುದು ಇದೇ ಕಾರಣಕ್ಕೆ.

ನನ್ನ ದೋಣಿಗೆ ಯಾವ ಬಗೆಯ ಆಟೋಪೈಲಟ್ ಹೊಂದುತ್ತದೆ?

ಚುಕ್ಕಾಣಿಯನ್ನು ಹಿಡಿಕೋಲಿನಿಂದ, ಅಂದರೆ ಟಿಲ್ಲರ್‌ನಿಂದ ನಡೆಸುವ ಸಣ್ಣ ದೋಣಿಗೆ ಟಿಲ್ಲರ್ ಪೈಲಟ್ ಸಾಕಾಗುತ್ತದೆ. ಅದು ಹಿಡಿಕೋಲಿಗೂ ಕಾಕ್‌ಪಿಟ್ಟಿನ ಆಸನಕ್ಕೂ ನಡುವೆ ಸಿಕ್ಕಿಸುವ, ಉದ್ದ ಚಾಚುವ ಮತ್ತು ಕುಗ್ಗುವ ದಂಡ. ಅಳವಡಿಸುವುದು ಸುಲಭ, ತೆಗೆದಿಡುವುದೂ ಸುಲಭ. ಆದರೆ ಅದು ಮಳೆಗೂ ಅಲೆಯ ಎರಚಲಿಗೂ ಒಡ್ಡಿಕೊಂಡಿರುತ್ತದೆ, ಒಳಗೆ ನೀರು ಹೊಕ್ಕು ಕೆಡುವುದು ಅದರ ಸಾಮಾನ್ಯ ಅಂತ್ಯ. ಸ್ಟಿಯರಿಂಗ್ ಚಕ್ರವಿರುವ ದೋಣಿಗೆ ಚಕ್ರಕ್ಕೇ ಕಟ್ಟುವ ಬೆಲ್ಟ್ ಬಗೆಯ ವೀಲ್ ಪೈಲಟ್ ದೊರೆಯುತ್ತದೆ. ಶಾಂತ ಮತ್ತು ಮಧ್ಯಮ ಗಾಳಿಗೆ ಅದು ಉತ್ತಮ, ಬಿರುಗಾಳಿಯಲ್ಲಿ ಅದರ ಬೆಲ್ಟ್ ಮತ್ತು ಹಲ್ಲುಗಳು ಸೋಲುತ್ತವೆ.

ದೂರದ ಪ್ರಯಾಣಕ್ಕೆ ಯೋಗ್ಯವಾದುದು ಡೆಕ್ಕಿನ ಕೆಳಗೆ ಚುಕ್ಕಾಣಿಯ ಕಂಬಕ್ಕೇ ನೇರವಾಗಿ ಜೋಡಿಸುವ ಬಗೆ. ಅದರ ದಂಡವು ಮೋಟಾರಿನ ಅಥವಾ ಹೈಡ್ರಾಲಿಕ್ ಒತ್ತಡದ ಬಲದಿಂದ ಕೆಲಸ ಮಾಡುತ್ತದೆ. ಚಕ್ರದಿಂದ ಚುಕ್ಕಾಣಿಗೆ ಹೋಗುವ ಕೇಬಲ್ ತುಂಡಾದರೂ ಈ ಆಟೋಪೈಲಟ್ ದೋಣಿಯನ್ನು ನಡೆಸಬಲ್ಲದು. ಈ ಒಂದು ಗುಣಕ್ಕಾಗಿಯೇ ಅದರ ಹೆಚ್ಚಿನ ಬೆಲೆ ಮತ್ತು ಅಳವಡಿಕೆಯ ಶ್ರಮ ನ್ಯಾಯವಾದವು ಎಂದು ನಾನು ಭಾವಿಸುತ್ತೇನೆ. ಅಳವಡಿಸುವಾಗ ದಂಡದ ಬುಡವನ್ನು ಕೂರಿಸುವ ಜಾಗವನ್ನು ಚೆನ್ನಾಗಿ ಬಲಪಡಿಸಬೇಕು, ಏಕೆಂದರೆ ಚುಕ್ಕಾಣಿಗೆ ಬೀಳುವ ಪೂರ್ಣ ಒತ್ತಡವನ್ನು ದೋಣಿಯ ಆ ಒಂದು ಮೂಲೆಯೇ ಹೊರಬೇಕಾಗುತ್ತದೆ.

ಶಕ್ತಿಯನ್ನು ಆರಿಸುವಾಗ ದೋಣಿಯ ಉದ್ದವನ್ನಲ್ಲ, ತೂಕವನ್ನು ನೋಡಿ. ತಯಾರಕರು ದಾಖಲೆಯಲ್ಲಿ ಕೊಡುವ ತೂಕ ಬರಿ ದೋಣಿಯದು. ನೀರು, ಇಂಧನ, ಸರಪಳಿ, ಲಂಗರು, ಆಹಾರ, ಉಪಕರಣಗಳೆಲ್ಲ ತುಂಬಿದ ಮೇಲೆ ಅದಕ್ಕೆ ಕನಿಷ್ಠ ಶೇಕಡಾ 20ರಷ್ಟು ಸೇರಿಸಿ ಲೆಕ್ಕ ಹಾಕಬೇಕು. ಎರಡು ಅಳತೆಗಳ ನಡುವೆ ಸಂದೇಹ ಬಂದರೆ ದೊಡ್ಡದನ್ನೇ ಆರಿಸಿ. ಮಿತಿಯ ಅಂಚಿನಲ್ಲಿ ದುಡಿಯುವ ಆಟೋಪೈಲಟ್ ಕೈಕೊಡುವುದು ಗಾಳಿ ಜೋರಾಗಿರುವ ರಾತ್ರಿಯಲ್ಲಿಯೇ, ಅಂದರೆ ಅದು ಅತ್ಯಂತ ಅಗತ್ಯವಿರುವ ಹೊತ್ತಿನಲ್ಲಿಯೇ.

ದೋಣಿ ಹಾವಿನಂತೆ ಹೊರಳುತ್ತಾ ಸಾಗುತ್ತದೆ. ಆಟೋಪೈಲಟ್ ದೋಷಪೂರಿತವೇ?

ಬಹುತೇಕ ಸಲ ಇಲ್ಲ. ಮೊದಲು ಹಾಯಿಗಳ ಸಮತೋಲವನ್ನು ನೋಡಿ. ಮುಖ್ಯ ಹಾಯಿ ಅತಿಯಾಗಿ ಬಿಗಿಯಾಗಿದ್ದರೆ ದೋಣಿ ಸದಾ ಗಾಳಿಯ ಕಡೆಗೆ ಮುಖ ಮಾಡಲು ಹವಣಿಸುತ್ತದೆ, ಆಟೋಪೈಲಟ್ ಪ್ರತಿ ಕ್ಷಣವೂ ಅದನ್ನು ಎಳೆದು ನಿಲ್ಲಿಸಬೇಕಾಗುತ್ತದೆ. ಕೈಯಲ್ಲಿ ಹಿಡಿದಾಗ ಚುಕ್ಕಾಣಿ ಭಾರವೆನಿಸಿದರೆ ಯಂತ್ರಕ್ಕೂ ಅದು ಭಾರವೇ. 1895ರಿಂದ 1898ರವರೆಗೆ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿದ ಜೋಶುವಾ ಸ್ಲೋಕಮ್ ಚಕ್ರವನ್ನು ಹಗ್ಗದಿಂದ ಕಟ್ಟಿ ದೋಣಿಯನ್ನು ದಿನಗಟ್ಟಲೆ ತಾನೇ ಸಾಗುವಂತೆ ಬಿಟ್ಟದ್ದು ಹಾಯಿಗಳ ಸಮತೋಲ ಅಷ್ಟು ಸರಿಯಾಗಿದ್ದುದರಿಂದಲೇ.

ಹಾಯಿಗಳು ಸರಿಯಿದ್ದೂ ಹೊರಳಾಟ ನಿಲ್ಲದಿದ್ದರೆ ಆಟೋಪೈಲಟ್ಟಿನ ಸಂಯೋಜನೆಗಳನ್ನು (ಸೆಟ್ಟಿಂಗ್‌ಗಳನ್ನು) ಪರಿಶೀಲಿಸಿ. ತಪ್ಪಿದ ಪ್ರತಿ ಡಿಗ್ರಿಗೆ ಎಷ್ಟು ಚುಕ್ಕಾಣಿ ಕೊಡಬೇಕೆಂಬ ಪ್ರಮಾಣ ಹೆಚ್ಚಾಗಿದ್ದರೆ ದೋಣಿ ಎರಡೂ ಕಡೆ ತೂಗಾಡುತ್ತದೆ, ಕಡಿಮೆಯಾಗಿದ್ದರೆ ನಿಧಾನವಾಗಿ ದಾರಿ ತಪ್ಪಿ ನಿಧಾನವಾಗಿ ಮರಳುತ್ತದೆ. ಅಲೆಗಳಿರುವಾಗ ಒಂದೆರಡು ಡಿಗ್ರಿಯ ತಪ್ಪನ್ನು ಸಹಿಸುವಂತೆ ಹೊಂದಿಸಿದರೆ ದೋಣಿಯೂ ಹಗುರಾಗಿ ಸಾಗುತ್ತದೆ, ವಿದ್ಯುತ್ತೂ ಉಳಿಯುತ್ತದೆ. ದಿಕ್ಸೂಚಿಯ ಸಂವೇದಕವನ್ನು ಎಂಜಿನ್, ಧ್ವನಿವರ್ಧಕ, ದಪ್ಪ ತಂತಿಗಳು ಮತ್ತು ಕಬ್ಬಿಣದ ಸಾಮಾನುಗಳಿಂದ ದೂರವಿಟ್ಟು, ಶಾಂತ ನೀರಿನಲ್ಲಿ ನಿಧಾನವಾಗಿ ವೃತ್ತ ಹಾಕಿಸಿ ಅದರ ತಪ್ಪನ್ನು ತಿದ್ದಿಸುವುದು ಕಡ್ಡಾಯ. ಈ ಕೆಲಸ ಮಾಡದೆಯೇ ಯಂತ್ರವನ್ನು ದೂರುವವರು ಬಹಳ ಮಂದಿ.

ಗಾಳಿಯ ಕೋನವನ್ನು ಅನುಸರಿಸುವಂತೆ ಆಟೋಪೈಲಟ್ಟನ್ನು ಹೊಂದಿಸಬಹುದೇ?

ಗಾಳಿಮಾಪಕಕ್ಕೆ ಜೋಡಿಸಿದ್ದರೆ ಹೊಂದಿಸಬಹುದು. ಗಾಳಿಗೆ ಎದುರಾಗಿ ಸಾಗುವಾಗ ಇದು ನಿಜಕ್ಕೂ ಉಪಯುಕ್ತ, ಗಾಳಿ ತುಸು ತಿರುಗಿದರೆ ದೋಣಿಯೂ ತಿರುಗುವುದರಿಂದ ಹಾಯಿಗಳು ಪಟಪಟ ಬಡಿದುಕೊಳ್ಳುವುದಿಲ್ಲ. ಆದರೆ ಗಾಳಿ ನಿಧಾನವಾಗಿ ನಲವತ್ತು ಡಿಗ್ರಿ ತಿರುಗಿದರೆ ನಿಮ್ಮ ದೋಣಿಯೂ ಸದ್ದಿಲ್ಲದೆ ನಲವತ್ತು ಡಿಗ್ರಿ ತಿರುಗಿ, ಬಂಡೆಗಳಿರುವ ದಡದ ಕಡೆಗೆ ಹೊರಟಿರಬಹುದು. ದಡದ ಸಮೀಪದಲ್ಲಿ ಇದನ್ನು ಬಳಸುವಾಗ ದಿಕ್ಕು ಬದಲಾದರೆ ಕೂಗುವ ಎಚ್ಚರಿಕೆಯನ್ನು ಹಾಕಿಟ್ಟುಕೊಳ್ಳಲೇಬೇಕು. ಗಾಳಿ ಹಿಂದಿನಿಂದ ಬೀಸುವಾಗ ಹಾಯಿಕಂಬದ ತುದಿಯ ಮಾಪಕ ಅತ್ತಿತ್ತ ಓಲಾಡಿ ತಪ್ಪು ಓದಿಕೆ ಕೊಡುವುದರಿಂದ, ಮುಖ್ಯ ಹಾಯಿಯ ಕೆಳಅಂಚನ್ನು ಹಿಡಿದಿಡುವ ಅಡ್ಡದಂಡವಾದ ಬೂಮ್ ಹಠಾತ್ತನೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊಡೆಯುವ ಅಪಾಯವೂ ಇದೆ.

ವಿದ್ಯುತ್ ಬೇಡದ ಗಾಳಿಚಾಲಿತ ಚುಕ್ಕಾಣಿ ಆಟೋಪೈಲಟ್ಟಿಗೆ ಬದಲಿಯಾಗುತ್ತದೆಯೇ?

ಸಾಗರ ದಾಟುವ ಹಾಯಿದೋಣಿಗೆ ಆಗುತ್ತದೆ. ಗಾಳಿಗೆ ತಿರುಗುವ ಒಂದು ಹಲಗೆ, ನೀರಿನಲ್ಲಿ ಇಳಿಬಿಟ್ಟ ಇನ್ನೊಂದು ಹಲಗೆಯನ್ನು ಓರೆಯಾಗಿಸುತ್ತದೆ. ಹರಿಯುವ ನೀರು ಆ ಹಲಗೆಯನ್ನು ಬದಿಗೆ ತಳ್ಳಿ, ಅದಕ್ಕೆ ಕಟ್ಟಿದ ಹಗ್ಗಗಳ ಮೂಲಕ ಚುಕ್ಕಾಣಿಯನ್ನು ಎಳೆಯುತ್ತದೆ. 1960ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ನಡೆದ ಮೊದಲ ಏಕಾಂಗಿ ಸ್ಪರ್ಧೆಯಲ್ಲಿ ಬ್ಲಾಂಡಿ ಹ್ಯಾಸ್ಲರ್ ಮತ್ತು ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ ಇಬ್ಬರೂ ಗಾಳಿಚಾಲಿತ ಚುಕ್ಕಾಣಿಯನ್ನೇ ನೆಚ್ಚಿದ್ದರು. ಗಾಳಿ ಬಲವಾದಷ್ಟೂ ಇದರ ಬಲವೂ ಹೆಚ್ಚುತ್ತದೆ, ಬ್ಯಾಟರಿಯಿಂದ ಒಂದು ಹನಿಯನ್ನೂ ಕುಡಿಯುವುದಿಲ್ಲ.

ಆದರೆ ಎಂಜಿನ್ನಿನಿಂದ ಸಾಗುವಾಗ, ಗಾಳಿ ಸತ್ತಾಗ ಅಥವಾ ಕಿರಿದಾದ ಕಾಲುವೆಯಲ್ಲಿ ಇದು ನಿರುಪಯುಕ್ತ. ಮಂಜು ಬರುವುದು ಸಾಮಾನ್ಯವಾಗಿ ಗಾಳಿ ಕಡಿಮೆಯಿರುವಾಗ ಎಂಬುದನ್ನು ಗಮನಿಸಿ. ಆಗ ನೀವು ಎಂಜಿನ್ನಿನ ಬಲದಿಂದಲೇ ಸಾಗುತ್ತಿರುತ್ತೀರಿ. ಗಾಳಿಚಾಲಿತ ಚುಕ್ಕಾಣಿ ಇರುವವರು ಜೊತೆಗೊಂದು ಸಣ್ಣ ಟಿಲ್ಲರ್ ಪೈಲಟ್ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಎರಡಕ್ಕೂ ಎಷ್ಟು ವಿದ್ಯುತ್ ಬೇಕು?

12 ವೋಲ್ಟ್ ವ್ಯವಸ್ಥೆಯಲ್ಲಿ ಟಿಲ್ಲರ್ ಪೈಲಟ್ ಸರಾಸರಿ ಅರ್ಧದಿಂದ ಒಂದೂವರೆ ಆಂಪಿಯರ್, ಡೆಕ್ಕಿನ ಕೆಳಗಿನ ಆಟೋಪೈಲಟ್ ಸರಾಸರಿ ಎರಡರಿಂದ ಆರು ಆಂಪಿಯರ್ ಬಳಸುತ್ತದೆ. ಹೊಸ ಬಗೆಯ ಸಣ್ಣ ರೇಡಾರ್ ಕೆಲಸ ಮಾಡುವಾಗ ಸುಮಾರು ಎರಡು ಆಂಪಿಯರ್, ಹಳೆಯ ಬಗೆಯದು ಸುಮಾರು ಮೂರು ಆಂಪಿಯರ್ ಎಳೆಯುತ್ತದೆ. ಆಂಪಿಯರ್‌ಗಳನ್ನು ಮಾತ್ರ ನೋಡಿದರೆ ಎರಡೂ ಸಮಾನವೆನಿಸುತ್ತವೆ, ಆದರೆ ಗಂಟೆಗಳನ್ನು ಸೇರಿಸಿದಾಗ ಚಿತ್ರ ಬದಲಾಗುತ್ತದೆ. ದಿನಕ್ಕೆ 20 ಗಂಟೆ ದುಡಿಯುವ, ಸರಾಸರಿ 3 ಆಂಪಿಯರ್ ಬಳಸುವ ಆಟೋಪೈಲಟ್ಟಿಗೆ 60 ಆಂಪಿಯರ್-ಗಂಟೆ ಬೇಕು. ದಿನಕ್ಕೆ 4 ಗಂಟೆ ಉರಿಸುವ ರೇಡಾರಿಗೆ 8 ಸಾಕು.

ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು ಎಂಬುದರಿಂದ, ಆ 60 ಆಂಪಿಯರ್-ಗಂಟೆಗೇ 120ರ ಬ್ಯಾಟರಿ ಮೀಸಲಾಗಬೇಕು. ನೂರು ವ್ಯಾಟ್‌ನ ಸೌರಫಲಕ ಬಿಸಿಲು ಚೆನ್ನಾಗಿರುವ ದಿನದಲ್ಲಿ, ಹಾಯಿಯ ನೆರಳು ಬೀಳದಿದ್ದರೆ, ಸುಮಾರು 30 ಆಂಪಿಯರ್-ಗಂಟೆಯಷ್ಟನ್ನು ತುಂಬಬಲ್ಲದು. ಆದ್ದರಿಂದ ಆಟೋಪೈಲಟ್ಟಿನ ಬೆಲೆಯನ್ನು ಲೆಕ್ಕ ಹಾಕುವಾಗ ಬ್ಯಾಟರಿ ಮತ್ತು ಸೌರಫಲಕಗಳ ಬೆಲೆಯನ್ನೂ ಅದರೊಳಗೇ ಸೇರಿಸಿಕೊಳ್ಳಬೇಕು. ಇದನ್ನು ಮರೆತವರ ದೋಣಿಯಲ್ಲಿ ಎರಡನೆಯ ರಾತ್ರಿ ಎಲ್ಲರೂ ಮತ್ತೆ ಚುಕ್ಕಾಣಿ ಹಿಡಿದು ಕೂರಬೇಕಾಗುತ್ತದೆ.

ಸಣ್ಣ ದೋಣಿಯ ರೇಡಾರ್ ಎಷ್ಟು ದೂರ ಕಾಣುತ್ತದೆ?

ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಗರಿಷ್ಠ ದೂರವನ್ನು ಮರೆತುಬಿಡಿ. ರೇಡಾರ್ ಕಿರಣ ಬೆಳಕಿನಂತೆಯೇ ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಭೂಮಿಯ ಬಾಗು ಅದಕ್ಕೆ ಅಡ್ಡಿಯಾಗುತ್ತದೆ. ಆಂಟೆನಾದ ಎತ್ತರದ ವರ್ಗಮೂಲಕ್ಕೆ ಗುರಿಯ ಎತ್ತರದ ವರ್ಗಮೂಲವನ್ನು ಕೂಡಿಸಿ, ಸುಮಾರು 2.2ರಿಂದ ಗುಣಿಸಿದರೆ ಕಾಣುವ ದೂರ ನಾಟಿಕಲ್ ಮೈಲಿಗಳಲ್ಲಿ ಸಿಗುತ್ತದೆ, ಎತ್ತರಗಳು ಮೀಟರಿನಲ್ಲಿರಬೇಕು. ನೀರಿನಿಂದ 4 ಮೀಟರ್ ಎತ್ತರದ ಆಂಟೆನಾ 25 ಮೀಟರ್ ಎತ್ತರದ ಹಡಗನ್ನು ಸುಮಾರು 15 ನಾಟಿಕಲ್ ಮೈಲಿಯಿಂದ ಕಾಣಬಲ್ಲದು. ಮರದ ಅಥವಾ ಫೈಬರ್‌ಗ್ಲಾಸಿನ ಸಣ್ಣ ದೋಣಿ ಕಿರಣವನ್ನು ಚೆನ್ನಾಗಿ ಹಿಂದಿರುಗಿಸದ ಕಾರಣ ಒಂದೆರಡು ಮೈಲಿಗಳೊಳಗೆ ಬಂದ ಮೇಲಷ್ಟೇ ಕಾಣಿಸಬಹುದು, ಅಲೆಗಳ ಗದ್ದಲದಲ್ಲಿ ಕಾಣಿಸದೆಯೂ ಹೋಗಬಹುದು.

ದೂರಕ್ಕಿಂತ ಮುಖ್ಯವಾದುದು ಕಿರಣದ ಅಗಲ. ಸುಮಾರು 45 ಸೆಂಟಿಮೀಟರ್ ವ್ಯಾಸದ ಗುಮ್ಮಟದಲ್ಲಿರುವ ಆಂಟೆನಾದ ಕಿರಣ ಸುಮಾರು 5 ಡಿಗ್ರಿ ಅಗಲವಿರುತ್ತದೆ, 60 ಸೆಂಟಿಮೀಟರಿನದು ಸುಮಾರು 4 ಡಿಗ್ರಿ. ಐದು ಡಿಗ್ರಿ ಎಂದರೆ 3 ನಾಟಿಕಲ್ ಮೈಲಿ ದೂರದಲ್ಲಿ ಸುಮಾರು ಅರ್ಧ ಕಿಲೋಮೀಟರ್. ಒಂದೇ ದೂರದಲ್ಲಿ ಅಷ್ಟರೊಳಗೆ ಅಕ್ಕಪಕ್ಕದಲ್ಲಿರುವ ಎರಡು ದೋಣಿಗಳು ಪರದೆಯ ಮೇಲೆ ಒಂದೇ ಮಚ್ಚೆಯಾಗುತ್ತವೆ, ಬಂದರಿನ ಕಿರಿದಾದ ಬಾಯಿ ಮುಚ್ಚಿಕೊಂಡಿರುವಂತೆ ತೋರುತ್ತದೆ. ದೋಣಿಯಲ್ಲಿ ಜಾಗವಿದ್ದರೆ, ಹೆಚ್ಚು ಶಕ್ತಿಗಿಂತ ಹೆಚ್ಚು ಅಗಲದ ಆಂಟೆನಾಕ್ಕೆ ಹಣ ಕೊಡುವುದು ಲೇಸು.

ಹಳೆಯ ಮ್ಯಾಗ್ನೆಟ್ರಾನ್ ರೇಡಾರ್ ಮತ್ತು ಹೊಸ ಘನಸ್ಥಿತಿ ರೇಡಾರ್‌ಗಳಲ್ಲಿ ಯಾವುದು ಒಳ್ಳೆಯದು?

ಮ್ಯಾಗ್ನೆಟ್ರಾನ್ ಎಂದರೆ ರೇಡಾರ್ ತರಂಗಗಳನ್ನು ಹುಟ್ಟಿಸುವ ಕೊಳವೆ, ಘನಸ್ಥಿತಿ ರೇಡಾರಿನಲ್ಲಿ ಆ ಕೆಲಸವನ್ನು ಟ್ರಾನ್ಸಿಸ್ಟರ್‌ಗಳು ಮಾಡುತ್ತವೆ. ಹೊಸದಾಗಿ ಕೊಳ್ಳುವವರಿಗೆ ಘನಸ್ಥಿತಿಯದೇ ಸರಿ. ಮ್ಯಾಗ್ನೆಟ್ರಾನ್ ಬಿಸಿಯಾಗಲು ಒಂದರಿಂದ ಒಂದೂವರೆ ನಿಮಿಷ ಬೇಕು, ಘನಸ್ಥಿತಿಯದು ಬಹುಬೇಗ ಸಿದ್ಧವಾಗುತ್ತದೆ. ಹತ್ತಿರದ ವಸ್ತುಗಳನ್ನು ಅದು ಸ್ಪಷ್ಟವಾಗಿ ಬೇರ್ಪಡಿಸುತ್ತದೆ, ಹೊರಸೂಸುವ ಶಕ್ತಿಯೂ ಅತ್ಯಲ್ಪ. ಕೆಲವು ಮಾದರಿಗಳು ಡಾಪ್ಲರ್ ಪರಿಣಾಮವನ್ನು, ಅಂದರೆ ಚಲಿಸುವ ವಸ್ತುವಿನಿಂದ ಮರಳುವ ತರಂಗದ ಆವರ್ತನ ಬದಲಾಗುವುದನ್ನು, ಬಳಸಿ, ನಿಮ್ಮತ್ತ ಬರುತ್ತಿರುವ ಗುರಿಗಳಿಗೆ ಬೇರೆ ಬಣ್ಣ ಕೊಡುತ್ತವೆ. ಒಂದು ಕೊರತೆಯನ್ನು ತಿಳಿದಿರಬೇಕು: ರೇಡಾರ್ ಸ್ಪಂದನಕ್ಕೆ ಉತ್ತರಿಸುವ ರಾಕಾನ್ ಎಂಬ ರೇಡಿಯೋ ಗುರುತುಸಾಧನಗಳು ಉತ್ತರಿಸುವಂತೆ ಮಾಡಲು ಕೆಲವು ಘನಸ್ಥಿತಿ ರೇಡಾರ್‌ಗಳಿಂದ ಆಗದು.

ರೇಡಾರನ್ನು ಎಲ್ಲಿ ಕೂರಿಸಬೇಕು?

ಹಾಯಿಕಂಬದ ಮೇಲೆ ಅಥವಾ ದೋಣಿಯ ಹಿಂತುದಿಯಲ್ಲಿ ಪ್ರತ್ಯೇಕ ಕಂಬದ ಮೇಲೆ. ಹಾಯಿಕಂಬದ ಮೇಲೆ ಹೆಚ್ಚು ಎತ್ತರ ಸಿಗುತ್ತದೆ, ಆದರೆ ಮುಂಭಾಗದ ಹಾಯಿ ಬದಿ ಬದಲಿಸುವಾಗಲೆಲ್ಲ ಗುಮ್ಮಟಕ್ಕೆ ಉಜ್ಜುವುದರಿಂದ ಕಾವಲು ಚೌಕಟ್ಟು ಬೇಕಾಗುತ್ತದೆ. ಎತ್ತರದಲ್ಲಿ ಸೇರಿದ ತೂಕ ಹಗುರ ದೋಣಿಯನ್ನು ಹೆಚ್ಚು ವಾಲಿಸುತ್ತದೆ, ಕಂಬದ ಹಿಂದೆ ಕಿರಿದಾದ ಕುರುಡು ಭಾಗವೂ ಉಂಟಾಗುತ್ತದೆ. ಹಿಂತುದಿಯ ಕಂಬ ಕೈಗೆ ಎಟುಕುವುದರಿಂದ ದುರಸ್ತಿ ಸುಲಭ. ಕಿರಣ ಮೇಲೆ ಕೆಳಗೆ ಸುಮಾರು 25 ಡಿಗ್ರಿ ಹರಡಿರುತ್ತದೆ, ಅಂದರೆ ಪ್ರತಿ ಬದಿಗೆ ಹನ್ನೆರಡೂವರೆ ಮಾತ್ರ. ದೋಣಿ 20 ಡಿಗ್ರಿ ವಾಲಿದಾಗ ಗಾಳಿ ಬರುವ ಬದಿಯ ಕಿರಣ ಆಕಾಶವನ್ನೂ ಇನ್ನೊಂದು ಬದಿಯದು ಹತ್ತಿರದ ನೀರನ್ನೂ ನೋಡುತ್ತಿರುತ್ತದೆ. ಮಟ್ಟಸವಾಗಿ ಉಳಿಯುವ ತೂಗುಚೌಕಟ್ಟು ಇದಕ್ಕೆ ಪರಿಹಾರ. ಅದಿಲ್ಲದವರು ಸಂದೇಹ ಬಂದಾಗ ದೋಣಿಯನ್ನು ಕೆಲ ನಿಮಿಷ ನೇರಗೊಳಿಸಿ ನೋಡಬೇಕು.

ಎಐಎಸ್ ಇದ್ದರೆ ರೇಡಾರ್ ಬೇಡವೇ?

ಆಟೋಪೈಲಟ್ಟನ್ನು ಮೊದಲು ಕೊಂಡು ರೇಡಾರಿಗಾಗಿ ಕಾಯುತ್ತಿರುವವರಿಗೆ ಎಐಎಸ್, ಅಂದರೆ ಹಡಗುಗಳು ತಮ್ಮ ಗುರುತು ಮತ್ತು ಸ್ಥಾನವನ್ನು ತಾವಾಗಿ ರೇಡಿಯೋ ಮೂಲಕ ತಿಳಿಸುವ ವ್ಯವಸ್ಥೆ, ಅತ್ಯುತ್ತಮ ನಡುದಾರಿ. ಅಂತರರಾಷ್ಟ್ರೀಯ ಪ್ರಯಾಣದ 300 ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮತ್ತು ಮೇಲ್ಪಟ್ಟ ಹಡಗುಗಳೂ ಎಲ್ಲ ಪ್ರಯಾಣಿಕ ಹಡಗುಗಳೂ ಇದನ್ನು ಹೊಂದಿರಬೇಕೆಂಬ ನಿಯಮವಿದೆ. ಅವು ಸಾಗುತ್ತಿರುವಾಗ ಕೆಲವೇ ಸೆಕೆಂಡುಗಳಿಗೊಮ್ಮೆ ತಮ್ಮ ಸ್ಥಾನ, ವೇಗ ಮತ್ತು ದಿಕ್ಕನ್ನೂ ಕೆಲವು ನಿಮಿಷಗಳಿಗೊಮ್ಮೆ ಹೆಸರನ್ನೂ ವಿಎಚ್‌ಎಫ್ ರೇಡಿಯೋ ತರಂಗಗಳಲ್ಲಿ ಪ್ರಸಾರ ಮಾಡುತ್ತವೆ. ಗುಡ್ಡದ ಆಚೆಯ ತಿರುವಿನಲ್ಲಿರುವ ಹಡಗನ್ನೂ ಎಐಎಸ್ ಹಲವು ಸಲ ತೋರಿಸಬಲ್ಲದು, ರೇಡಾರ್ ತೋರಿಸಲಾರದು. ಕೇವಲ ಕೇಳಿಸಿಕೊಳ್ಳುವ ಯಂತ್ರಕ್ಕಿಂತ ನಿಮ್ಮ ಸ್ಥಾನವನ್ನೂ ಹೇಳುವ ಯಂತ್ರವನ್ನು ಕೊಳ್ಳಿ. ದೊಡ್ಡ ಹಡಗಿನ ಪರದೆಯಲ್ಲಿ ನಿಮ್ಮ ಹೆಸರು ಮೂಡುವುದು ದೊಡ್ಡ ರಕ್ಷಣೆ.

ಆದರೆ ಎಐಎಸ್ ತಾನಾಗಿ ಮಾತನಾಡುವವರನ್ನು ಮಾತ್ರ ತೋರಿಸುತ್ತದೆ. ಅನೇಕ ಮೀನುಗಾರಿಕೆ ದೋಣಿಗಳು, ಸಣ್ಣ ದೋಣಿಗಳು, ತೇಲುವ ಮರದ ದಿಮ್ಮಿ, ದೀಪವಿಲ್ಲದ ತೇಲುಗುರುತು, ಬಂಡೆ, ದಡ ಮತ್ತು ಮಳೆ ಅದರ ಪಾಲಿಗೆ ಇಲ್ಲವೇ ಇಲ್ಲ. ರೇಡಾರ್ ಯಾರ ಸಹಕಾರವನ್ನೂ ಬೇಡುವುದಿಲ್ಲ. ಜಿಪಿಎಸ್ ಅಥವಾ ನಕ್ಷೆ ತಪ್ಪಿದಾಗಲೂ ದಡ ನಿಮ್ಮಿಂದ ಎಷ್ಟು ದೂರವಿದೆ ಎಂದು ಅದು ನೇರವಾಗಿ ಅಳೆದು ಹೇಳುತ್ತದೆ. ಎಐಎಸ್ ರೇಡಾರನ್ನು ಮುಂದೂಡಲು ಒಳ್ಳೆಯ ಕಾರಣವಾಗಬಹುದು, ಕೈಬಿಡಲು ಕಾರಣವಾಗಲಾರದು.

ರೇಡಾರ್ ಇದ್ದರೆ ಕಾನೂನಿನ ಪ್ರಕಾರ ಹೆಚ್ಚಿನ ಹೊಣೆ ಬರುತ್ತದೆಯೇ?

ಹೌದು. 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ಸಮುದ್ರದ ಡಿಕ್ಕಿ ತಡೆ ನಿಯಮಗಳಲ್ಲಿ ಐದನೆಯದು, ಕಣ್ಣು, ಕಿವಿ ಮತ್ತು ಲಭ್ಯವಿರುವ ಎಲ್ಲ ಸಾಧನಗಳಿಂದ ಸದಾ ಕಣ್ಗಾವಲು ಇಡಬೇಕೆನ್ನುತ್ತದೆ. ಏಳನೆಯದು, ಅಳವಡಿಸಿ ಕೆಲಸ ಮಾಡುತ್ತಿರುವ ರೇಡಾರನ್ನು ಸರಿಯಾಗಿ ಬಳಸಲೇಬೇಕೆನ್ನುತ್ತದೆ, ಜೊತೆಗೆ ಅರೆಬರೆ ಮಾಹಿತಿಯಿಂದ, ಅದರಲ್ಲಿಯೂ ಅರೆಬರೆ ರೇಡಾರ್ ಮಾಹಿತಿಯಿಂದ ಊಹೆ ಮಾಡಬಾರದೆಂದು ಎಚ್ಚರಿಸುತ್ತದೆ. ಮಂಜಿನಲ್ಲಿ ಅನ್ವಯಿಸುವ ಹತ್ತೊಂಬತ್ತನೆಯ ನಿಯಮ ಇನ್ನೂ ಮುಖ್ಯ. ಅಲ್ಲಿ ಹಾಯಿದೋಣಿಗೆ ದಾರಿಯ ಆದ್ಯತೆ ಇಲ್ಲ. ರೇಡಾರಿನಲ್ಲಿ ಮಾತ್ರ ಕಂಡ, ನಿಮ್ಮ ಮುಂಭಾಗದಲ್ಲಿರುವ ಹಡಗನ್ನು ತಪ್ಪಿಸಲು, ಅದನ್ನು ನೀವು ಹಿಂದಿಕ್ಕುತ್ತಿರುವ ಸಂದರ್ಭವೊಂದನ್ನು ಬಿಟ್ಟು, ಎಡಕ್ಕೆ ತಿರುಗುವುದನ್ನು ಸಾಧ್ಯವಾದಷ್ಟೂ ವರ್ಜಿಸಬೇಕು. ಬದಿಯಲ್ಲಿ ಅಥವಾ ಹಿಂಬದಿಯಲ್ಲಿರುವ ಹಡಗಿನ ಕಡೆಗೂ ತಿರುಗಬಾರದು.

ಅರೆಬರೆ ಮಾಹಿತಿಯ ಅಪಾಯಕ್ಕೆ 1956ರ ಜುಲೈ 25ರ ರಾತ್ರಿ ದೊಡ್ಡ ಸಾಕ್ಷಿ. ಅಮೆರಿಕದ ಪೂರ್ವ ಕರಾವಳಿಯಾಚೆಯ ನಾನ್‌ಟಕೆಟ್ ದ್ವೀಪದ ಬಳಿ ಆಂಡ್ರಿಯಾ ಡೋರಿಯಾ ಮತ್ತು ಸ್ಟಾಕ್‌ಹೋಮ್ ಎಂಬ ಎರಡು ಹಡಗುಗಳು ಪರಸ್ಪರರನ್ನು ರೇಡಾರಿನಲ್ಲಿ ಕಂಡಿದ್ದೂ ಡಿಕ್ಕಿ ಹೊಡೆದುಕೊಂಡವು, ಮರುದಿನ ಬೆಳಿಗ್ಗೆ ಆಂಡ್ರಿಯಾ ಡೋರಿಯಾ ಮುಳುಗಿತು. ಎರಡೂ ಹಡಗುಗಳಲ್ಲಿ ಉಪಕರಣವಿತ್ತು. ಪರದೆಯ ಮಚ್ಚೆಯ ಚಲನೆಯನ್ನು ಕ್ರಮಬದ್ಧವಾಗಿ ಗುರುತಿಸಿ ಅರ್ಥೈಸುವ ಕೆಲಸ ಮಾತ್ರ ಆಗಬೇಕಾದಷ್ಟು ಆಗಲಿಲ್ಲ.

ಆಟೋಪೈಲಟ್ ಮತ್ತು ರೇಡಾರ್ ಒಂದಕ್ಕೊಂದು ನೆರವಾಗುತ್ತವೆಯೇ?

ಕೊಳ್ಳುವ ಕ್ರಮವನ್ನು ನಿರ್ಧರಿಸುವಲ್ಲಿ ಇದು ತೂಕದ ಅಂಶ. ರೇಡಾರ್ ಚಿತ್ರವನ್ನು ಎಲೆಕ್ಟ್ರಾನಿಕ್ ನಕ್ಷೆಯ ಮೇಲೆ ಹೊಂದಿಸಿ ತೋರಿಸಲು ಮತ್ತು ಗುರಿಗಳನ್ನು ತಾನಾಗಿ ಹಿಂಬಾಲಿಸಿ ಅವುಗಳ ವೇಗ, ದಿಕ್ಕು ಲೆಕ್ಕ ಹಾಕಲು, ದೋಣಿಯ ಮುಖ ಯಾವ ಕಡೆಗಿದೆ ಎಂಬ ಮಾಹಿತಿ ಸೆಕೆಂಡಿಗೆ ಸುಮಾರು ಹತ್ತು ಸಲ ಸಿಗಬೇಕು. ಜಿಪಿಎಸ್ ಕೊಡುವುದು ದೋಣಿ ಸಾಗುತ್ತಿರುವ ದಿಕ್ಕನ್ನೇ ಹೊರತು ಅದರ ಮುಖದ ದಿಕ್ಕನ್ನಲ್ಲ. ಅಡ್ಡ ಪ್ರವಾಹದಲ್ಲಿ ಇವೆರಡರ ನಡುವೆ ಹತ್ತಾರು ಡಿಗ್ರಿ ವ್ಯತ್ಯಾಸವಿರಬಹುದು. ಒಳ್ಳೆಯ ಆಟೋಪೈಲಟ್ಟಿನ ಜೊತೆಗೆ ಬರುವ ದಿಕ್ಸೂಚಿ ಸಂವೇದಕ ಇದೇ ಮಾಹಿತಿಯನ್ನು ಕೊಡುತ್ತದೆ. ಆದ್ದರಿಂದ ಆಟೋಪೈಲಟ್ಟನ್ನು ಮೊದಲು ಕೊಂಡವರು ಮುಂದಿನ ರೇಡಾರಿನ ಅಡಿಪಾಯವನ್ನೂ ಹಾಕಿಕೊಂಡಂತೆ. ಎರಡೂ ಒಂದೇ ಜಾಲದಲ್ಲಿ, ಉದಾಹರಣೆಗೆ ದೋಣಿಯ ಉಪಕರಣಗಳನ್ನು ಪರಸ್ಪರ ಜೋಡಿಸುವ ಎನ್‌ಎಂಇಎ 2000 ಎಂಬ ಮಾನಕದಲ್ಲಿ, ಮಾಹಿತಿ ಹಂಚಿಕೊಳ್ಳುತ್ತವೆಯೇ ಎಂದು ಕೊಳ್ಳುವ ಮುನ್ನವೇ ಖಚಿತಪಡಿಸಿಕೊಳ್ಳಿ.

ಇನ್ನೊಂದು ಲಾಭವೂ ಇದೆ. ಆಟೋಪೈಲಟ್ ದಿಕ್ಕನ್ನು ಸ್ಥಿರವಾಗಿ ಹಿಡಿದಾಗ ಪರದೆಯ ಮಚ್ಚೆಗಳೂ ಸ್ಥಿರವಾಗಿರುತ್ತವೆ. ಕೈಯಿಂದ ನಡೆಸುವ ದೋಣಿ ಹತ್ತು ಡಿಗ್ರಿ ಅತ್ತಿತ್ತ ಹೊರಳುವಾಗ ಮಚ್ಚೆಗಳೂ ಕಲಸಿಹೋಗುತ್ತವೆ. ಅಲ್ಲದೆ ಮಂಜಿನಲ್ಲಿ ಇಬ್ಬರೇ ಇದ್ದು, ಒಬ್ಬರು ಚುಕ್ಕಾಣಿಗೆ ಕಟ್ಟಿಬಿದ್ದರೆ, ಪರದೆ ನೋಡುವವರು ಯಾರು, ಮುಂತುದಿಯಲ್ಲಿ ನಿಂತು ಕಿವಿಗೊಡುವವರು ಯಾರು?

ಆಟೋಪೈಲಟ್ ಇದ್ದರೆ ಪಾಳಿಯಲ್ಲಿರುವವರು ಕೆಳಗೆ ಹೋಗಿ ಮಲಗಬಹುದೇ?

ಮಲಗಬಾರದು. ಎದುರಿನಿಂದ 18 ನಾಟ್ ವೇಗದ ಹಡಗು ಬರುತ್ತಿದ್ದು ನೀವು 6 ನಾಟ್‌ನಲ್ಲಿ ಸಾಗುತ್ತಿದ್ದರೆ ಇಬ್ಬರ ನಡುವಿನ ಅಂತರ ಗಂಟೆಗೆ 24 ನಾಟಿಕಲ್ ಮೈಲಿಯಂತೆ ಕರಗುತ್ತದೆ. ಆರು ಮೈಲಿ ದೂರದಲ್ಲಿ ಕಂಡ ಹಡಗು ಹದಿನೈದು ನಿಮಿಷಗಳಲ್ಲಿ ನಿಮ್ಮ ಮೇಲಿರುತ್ತದೆ. ಅರ್ಧ ಮೈಲಿಯಷ್ಟೇ ಕಾಣುವ ಮಂಜಿನಲ್ಲಿ ನಿಮಗೆ ಸಿಗುವುದು 75 ಸೆಕೆಂಡು. ಆಟೋಪೈಲಟ್ ಹಡಗನ್ನೂ ನೋಡುವುದಿಲ್ಲ, ಬಂಡೆಯನ್ನೂ ನೋಡುವುದಿಲ್ಲ. ಜಿಪಿಎಸ್ ಗುರುತಿನತ್ತ ಸಾಗುವಂತೆ ಹೇಳಿದರೆ, ಆ ಗುರುತು ತೇಲುಗುರುತಿನ ಮೇಲೆಯೇ ಇದ್ದಲ್ಲಿ, ದೋಣಿಯನ್ನು ನೇರವಾಗಿ ಅದಕ್ಕೇ ಕೊಂಡೊಯ್ದು ಬಡಿಯುವಷ್ಟು ಅದು ನಿಖರ. ಗುರುತುಗಳನ್ನು ಸದಾ ತುಸು ದೂರದಲ್ಲಿಯೇ ಹಾಕಿಕೊಳ್ಳಿ.

ಇದಕ್ಕಿಂತ ಭೀಕರವಾದ ಸಂಗತಿ, ನೀರಿಗೆ ಬಿದ್ದವರನ್ನು ಬಿಟ್ಟು ಆಟೋಪೈಲಟ್ ದೋಣಿಯನ್ನು ಅದೇ ವೇಗದಲ್ಲಿ ಮುಂದಕ್ಕೆ ಕೊಂಡೊಯ್ಯುತ್ತದೆ ಎಂಬುದು. ಆರು ನಾಟ್ ಎಂದರೆ ಸೆಕೆಂಡಿಗೆ ಮೂರು ಮೀಟರ್. ಈಜಿ ಹಿಡಿಯುವುದು ಯಾರಿಂದಲೂ ಆಗದು. ರಾತ್ರಿಯಲ್ಲಿ ಅಥವಾ ಒಬ್ಬರೇ ಡೆಕ್ಕಿನ ಮೇಲಿರುವಾಗ ಸುರಕ್ಷತಾ ಪಟ್ಟಿಯಿಂದ ದೋಣಿಗೆ ಕಟ್ಟಿಕೊಂಡಿರುವುದನ್ನು ಆಟೋಪೈಲಟ್ ಬಳಕೆಯ ಮೊದಲ ನಿಯಮವೆಂದೇ ಎಲ್ಲರೂ ಒಪ್ಪಿಕೊಳ್ಳಬೇಕು. ಯಂತ್ರವನ್ನು ತಕ್ಷಣ ನಿಲ್ಲಿಸುವ ಗುಂಡಿ ಎಲ್ಲಿದೆ ಎಂಬುದು ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ, ಮಕ್ಕಳಿಗೂ ಸಹ, ಗೊತ್ತಿರಬೇಕು.

ರೇಡಾರ್ ಕೊಂಡ ಮೇಲೆ ಬಳಸಲು ಕಲಿಯುವುದು ಹೇಗೆ?

ಸ್ಪಷ್ಟ ಹಗಲಿನಲ್ಲಿ. ಸುತ್ತಲಿನ ಹಡಗು, ತೇಲುಗುರುತು, ಭೂಶಿರಗಳು ಕಣ್ಣಿಗೆ ಕಾಣುತ್ತಿರುವಾಗಲೇ ಪರದೆಯನ್ನು ತೆರೆದು, ಯಾವ ಮಚ್ಚೆ ಯಾವುದೆಂದು ಹೊಂದಿಸಿ ನೋಡಿ. ಅಲೆಗಳ ಗದ್ದಲವನ್ನು ತಗ್ಗಿಸುವ ಗುಂಡಿಯನ್ನು ಹೆಚ್ಚು ತಿರುಗಿಸಿದಾಗ ಹತ್ತಿರದ ಸಣ್ಣ ದೋಣಿಯೂ ಗದ್ದಲದ ಜೊತೆಗೇ ಅಳಿಸಿಹೋಗುವುದನ್ನು ಕಣ್ಣಾರೆ ಕಂಡವರು ಮಂಜಿನಲ್ಲಿ ಆ ತಪ್ಪು ಮಾಡುವುದಿಲ್ಲ. ದೂರದ ಮತ್ತು ಹತ್ತಿರದ ವ್ಯಾಪ್ತಿಗಳನ್ನು ಆಗಾಗ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ.

ಆಮೇಲೆ ಒಂದು ಹಡಗನ್ನು ಆರಿಸಿ, ಅದರ ಮಚ್ಚೆಯ ಮೇಲೆ ದಿಕ್ಕಿನ ಗೆರೆಯನ್ನೂ ದೂರದ ಉಂಗುರವನ್ನೂ ಇಡಿ. ಮೂರು ನಿಮಿಷಗಳಿಗೊಮ್ಮೆ ದಿಕ್ಕು ಮತ್ತು ದೂರಗಳನ್ನು ಬರೆದುಕೊಳ್ಳಿ. ದೂರ ಕಡಿಮೆಯಾಗುತ್ತಿದ್ದು ದಿಕ್ಕು ಬದಲಾಗದಿದ್ದರೆ ಡಿಕ್ಕಿ ಖಚಿತ. ಮಚ್ಚೆ ಗೆರೆಯಿಂದ ಸರಿದು ನಿಮ್ಮ ಹಿಂಬದಿಗೆ ಹೋಗುತ್ತಿದ್ದರೆ ಅದು ನಿಮ್ಮ ಹಿಂದೆ ದಾಟುತ್ತದೆ, ಮುಂಬದಿಗೆ ಹೋಗುತ್ತಿದ್ದರೆ ಮುಂದೆ ದಾಟುತ್ತದೆ. ಯಂತ್ರವೇ ಇದನ್ನು ಲೆಕ್ಕ ಹಾಕಿ ತೋರಿಸುವ ಸೌಲಭ್ಯವಿದ್ದರೂ ಕೈಯಿಂದ ಮಾಡಲು ಕಲಿತಿರಬೇಕು, ಏಕೆಂದರೆ ಸಣ್ಣ ದೋಣಿ ತಿರುಗಿದ ಅಥವಾ ಹೊರಳಿದ ಕೂಡಲೇ ಯಂತ್ರದ ಲೆಕ್ಕ ಕೆಲ ಹೊತ್ತು ನಂಬಲಾಗದಂತಾಗುತ್ತದೆ.

ಇವೆರಡರಲ್ಲಿ ಯಾವುದನ್ನು ಹಳೆಯದಾಗಿ ಕೊಳ್ಳಬಹುದು?

ಡೆಕ್ಕಿನ ಕೆಳಗಿನ ಆಟೋಪೈಲಟ್ಟಿನ ಚಾಲಕ ದಂಡ ಗಟ್ಟಿಮುಟ್ಟಾದ ಯಂತ್ರಭಾಗ. ಅದರ ಸವೆದ ಭಾಗಗಳನ್ನು ಬದಲಿಸಿ ಹೊಸ ಕಂಪ್ಯೂಟರ್ ಮತ್ತು ಸಂವೇದಕಗಳೊಂದಿಗೆ ಬಳಸಬಹುದು, ವೋಲ್ಟೇಜ್ ಮತ್ತು ಕ್ಲಚ್ಚಿನ ಜೋಡಣೆ ಹೊಂದುತ್ತವೆಯೇ ಎಂದು ನೋಡಿಕೊಂಡರೆ ಸಾಕು. ಹಳೆಯ ರೇಡಾರಿನ ವಿಷಯದಲ್ಲಿ ಎಚ್ಚರ ಬೇಕು. ಅದರ ಆಂಟೆನಾ ತನ್ನದೇ ತಯಾರಕರ, ತನ್ನದೇ ಕಾಲದ ಪರದೆಯೊಂದಿಗೆ ಮಾತ್ರ ಕೆಲಸ ಮಾಡುವುದುಂಟು, ಮ್ಯಾಗ್ನೆಟ್ರಾನ್ ಬಳಸಿದಷ್ಟೂ ಕ್ಷೀಣಿಸುತ್ತದೆ. ಕೊಳ್ಳಲೇಬೇಕಾದರೆ ಪರದೆ ಮತ್ತು ಕೇಬಲ್ ಸಹಿತ, ಚಾಲನೆಯಲ್ಲಿರುವುದನ್ನು ನೋಡಿ, ಅದು ಎಷ್ಟು ಗಂಟೆ ಪ್ರಸಾರ ಮಾಡಿದೆ ಎಂಬ ಎಣಿಕೆಯನ್ನು ಯಂತ್ರದ ಪಟ್ಟಿಯಲ್ಲಿ ಪರಿಶೀಲಿಸಿ ಕೊಳ್ಳಿ.